ಪ್ರೋಟೀನ್ ಅಂದ್ರೆ ಬರೀ ತೋಳಲ್ಲ

ಮಾನ್ಯ ಸಂಪಾದಕರೇ,

ಜಿಮ್‌ಗೆ ಹೋಗುವ ನನ್ನ ಮಗನಿಗೆ ಪ್ರೋಟೀನ್ ಎಂದರೆ ತೋಳು, ಅಷ್ಟೇ. ಸಕ್ಕರೆ ಹಿಡಿತದಲ್ಲಿಡುವ ಇನ್ಸುಲಿನ್, ಕೂದಲಿನ ಕೆರಾಟಿನ್, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಎಲ್ಲವೂ ಪ್ರೋಟೀನೇ ಅಲ್ವಾ? 20 ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿದ ಸರ ಅದು, ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಹಿಮೋಗ್ಲೋಬಿನ್‌ನ ಬೀಟಾ ಸರದಲ್ಲಿ 146 ಮಣಿಗಳಿವೆ, ಅದರಲ್ಲಿ ಆರನೆಯದೊಂದು ಬದಲಾಗಿ, ಆ ದೋಷ ಅಪ್ಪ ಅಮ್ಮ ಇಬ್ಬರಿಂದಲೂ ಮಗುವಿಗೆ ಬಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಚಾಮರಾಜನಗರದ ಬುಡಕಟ್ಟು ಹಾಡಿಗಳನ್ನು ಕಾಡುವ ಸಿಕಲ್ ಸೆಲ್ ಕಾಯಿಲೆ ಇದೇ. ಒಂದೇ ಮಣಿ ನೋಡಿ!

ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ, ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿದೆ. ಹುರುಳಿಕಾಳು, ಮೊಟ್ಟೆ, ಮೊಸರು ಇದ್ದರೆ ಸುಮ್ನೆ ಡಬ್ಬದ ಪುಡಿ ಯಾಕೆ? ನಿಮ್ಮ ಆರೋಗ್ಯ ಪುಟದಲ್ಲಿ ಇದನ್ನೂ ಬರೆಸಿ.

– ಓದುಗ, ಮೈಸೂರು