ಮಗಳಿಗೊಂದು ಪತ್ರ: 'ಬರೀ ಬಿಯರ್ ಅವ್ವಾ'

ಪ್ರೀತಿಯ ಶ್ರುತಿ,

ನಿನ್ನೆ ನೈಟ್ ಡ್ಯೂಟಿ ಇತ್ತು, ಫೋನಿನಲ್ಲಿ ಜಾಸ್ತಿ ಮಾತಾಡೋಕೆ ಆಗಲಿಲ್ಲ. ಕುಡಿದ ಗೆಳೆಯನ ಬೈಕಿನಲ್ಲಿ ಯಾಕೆ ಬಂದೆ ಅಂತ ಕೇಳಿದ್ದಕ್ಕೆ "ಬರೀ ಬಿಯರ್ ಅವ್ವಾ, ಬೈಕ್ ಸರಿಯಾಗೇ ಓಡಿಸಿದ" ಅಂದೆಯಲ್ಲ, ಆ ಮಾತು ತಲೇಲೇ ಕೂತಿದೆ. ಬೈಪಾಸಿನ ಧಾಬಾದಿಂದ ಧಾರವಾಡಕ್ಕೆ, ಅದೂ ಲಾರಿಗಳ ನಡುವೆ, ರಾತ್ರಿ ಹೊತ್ತು!

ಬಿದ್ದು ನಮ್ಮ ಕ್ಯಾಶುವಾಲ್ಟಿಗೆ ಬರುವವರೂ "ಬರೇ ಬಿಯರ್ರೀ ಸಿಸ್ಟರ್" ಅಂತಲೇ ಶುರು ಮಾಡೋದು. ನೀನು ಬಿಕಾಂ ಓದಿದವಳು, ಲೆಕ್ಕ ಹಾಕು. ಸ್ಟ್ರಾಂಗ್ ಬಿಯರಿನ ದೊಡ್ಡ ಬಾಟಲಿ 650 ಎಂಎಲ್. ಲೇಬಲ್ ಮೇಲೆ ಶೇ 8 ಅಂತಿದ್ದರೆ ಒಳಗಿರುವ ಆಲ್ಕೋಹಾಲ್ 52 ಎಂಎಲ್. ವಿಸ್ಕಿ, ರಮ್ ಶೇ 42.8. 60 ಎಂಎಲ್ ಪೆಗ್ಗಿನಲ್ಲಿ, ಅಂದ್ರೆ ಒಂದು ಲಾರ್ಜ್‌ನಲ್ಲಿ, ಹೆಚ್ಚುಕಮ್ಮಿ 26 ಎಂಎಲ್. ಅಲ್ಲಿಗೆ ಒಂದು ಬಾಟಲಿ ಬಿಯರ್ ಅಂದ್ರೆ ಎರಡು ಲಾರ್ಜ್ ಆಯ್ತು, ಅಲ್ವಾ? ವೈನ್ ಬರೀ ದ್ರಾಕ್ಷಿ ರಸ ಅನ್ನುವವರಿಗೂ ಇದೇ ಲೆಕ್ಕ.

ವಿಸ್ಕಿ ಏನು ಕಮ್ಮಿಯಲ್ಲ. 90 ಎಂಎಲ್ ಪ್ಯಾಕೆಟ್ ಹರಿದು ನಿಂತಲ್ಲೇ ಸುರಿದುಕೊಳ್ಳುವವನಿಗೆ ನಿಶೆ ಏರಿದ್ದು ಆಮೇಲೆ ಗೊತ್ತಾಗುತ್ತೆ. ಆದ್ರೆ ಅವನು ಕುಡಿದಿದ್ದೀನಿ ಅಂತ ಒಪ್ಪಿಕೊಳ್ಳುತ್ತಾನೆ. ಬಿಯರಿನವನು ಒಪ್ಪಲ್ಲ, ಕೀ ಕೈಗೆ ತಗೋತಾನೆ.

ಗಾಯ ನೋಡಿದರೇ ನಮಗೆ ಎಷ್ಟೋ ಸಲ ಗೊತ್ತಾಗುತ್ತೆ. ಕುಡಿಯದವರು ಜಾರಿದರೆ ಕೈ ಊರುತ್ತಾರೆ. ಅಂಗೈ ಕಿತ್ತಿರುತ್ತೆ, ಮಣಿಕಟ್ಟು ಮುರಿದಿರುತ್ತೆ. ಕುಡಿದವರ ಅಂಗೈಯಲ್ಲಿ ಕೆಲವು ಸಲ ಒಂದು ಗೀರೂ ಇರಲ್ಲ. ಹುಬ್ಬು ಒಡೆದಿರುತ್ತೆ, ಗದ್ದ ಸೀಳಿರುತ್ತೆ, ಮುಂದಿನ ಹಲ್ಲು ಹೋಗಿರುತ್ತೆ. ಕೈ ಮುಂದೆ ಬರುವಷ್ಟರಲ್ಲಿ ಮುಖ ನೆಲಕ್ಕೆ ಬಡಿದಿರುತ್ತೆ.

ತಲೆಗೆ ಪೆಟ್ಟು ಬಿದ್ದು ಮಂಪರಾಗಿದ್ದಾನೋ, ನಿಶೆಯಲ್ಲಿ ಮಲಗಿದ್ದಾನೋ, ನೋಡಿದ ತಕ್ಷಣ ಡಾಕ್ಟರಿಗೂ ಹೇಳೋಕೆ ಆಗಲ್ಲ. ಜೊತೆಗೆ ಬಂದವರು ಮಾತ್ರ "ಮಲಕೊಂಡ್ ಎದ್ರ ಸರಿ ಹೋಗ್ತಾನ್ರೀ" ಅಂತಾರೆ. ಯಾರೇ ಕುಡಿದು ಬಿದ್ದು ತಲೆ ಬಡಿಸಿಕೊಂಡರೆ ರೂಮಿಗೆ ಕರೆದೊಯ್ದು ಮಲಗಿಸಬೇಡ, 108ಕ್ಕೆ ಫೋನ್ ಮಾಡು. ವಾಂತಿ ಆಗ್ತಿದ್ರೆ ಮಗ್ಗುಲಿಗೆ ಹೊರಳಿಸು.

ಗಾಡಿ ಓಡಿಸುವವರಿಗೆ ಪೊಲೀಸರ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಆ ಸ್ಟ್ರಾಂಗ್ ಬಿಯರ್ ಬಾಟಲಿ ಒಂದೇ ಸಾಕು ದಾಟೋಕೆ. ಕಾಫಿ, ನಿಂಬೆಹಣ್ಣು, ಮುಖಕ್ಕೆ ತಣ್ಣೀರು ಎಲ್ಲ ಸುಮ್ನೆ. ಲಿವರ್ ತನ್ನ ಹೊತ್ತು ತಗೊಂಡೇ ಇಳಿಸೋದು, ಅದಕ್ಕೆ ಗಂಟೆಗಟ್ಟಲೆ ಬೇಕು.

ನಿನ್ನ ಗೆಳೆಯರನ್ನು ಬಿಡು ಅಂತ ನಾನು ಹೇಳ್ತಿಲ್ಲ. ಬೈಕ್ ಧಾಬಾದಲ್ಲೇ ಬಿಟ್ಟು ಬರಲಿ. ಆಟೋ ದುಡ್ಡು ನಾನು ಕಳಿಸ್ತೀನಿ. ಯಾವುದೂ ಸಿಗದಿದ್ರೆ ಎಷ್ಟೊತ್ತಾದ್ರೂ ನನಗೆ ಫೋನ್ ಮಾಡು, ಹುಬ್ಬಳ್ಳಿಯಿಂದ ನಿಮ್ಮ ಮಾವನನ್ನ ಕಳಿಸ್ತೀನಿ. ಆಗ ಬೈಯಲ್ಲ. ಬೈಯೋದಿದ್ರೆ ಮರುದಿನ ಬೈತೀನಿ.

ನಿನ್ನ ಅವ್ವ