ಜಾಮೀನಿಗೆ ಸಹಿ ಹಾಕುವ ಮುಂಚೆ

ಮಗಳೇ,

ನಿನ್ನೆ ಫೋನಿನಲ್ಲಿ ಜೋರು ಮಾಡಿದೆ, ಬೇಜಾರು ಮಾಡ್ಕೋಬೇಡ. ಗೆಳತಿಯ 8 ಲಕ್ಷದ ಸಾಲಕ್ಕೆ ಜಾಮೀನು ಹಾಕ್ತೀನಿ ಅಂತ ನೀನು ಅಂದಮೇಲೆ ನನಗೆ ಮುಂದಿನ ಮಾತೇ ಕೇಳಿಸಲಿಲ್ಲ.

ನಿನ್ನ ಮ್ಯಾನೇಜರ್ ನಿನ್ನ ಬಗ್ಗೆ ‘ಜೆನರಸ್ ಟು ಎ ಫಾಲ್ಟ್’ ಅಂತ ಬರೆದದ್ದನ್ನು ಕಳಿಸಿದ್ದೆಯಲ್ಲ, ನಿನ್ನಮ್ಮ ಅದನ್ನು ಪಕ್ಕದ ಮನೆಗೂ ತೋರಿಸಿ ಬಂದಳು. ನನಗೂ ಹೆಮ್ಮೆಯೇ. ಆದರೆ ಇಷ್ಟು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ನನಗೆ ಆ ಮಾತಿನ ಬಾಲ ಬಿಟ್ಟು ಓದಲು ಆಗುವುದಿಲ್ಲ. ಜೆನರಸ್ ಅಂದರೆ ಉದಾರಿ, ಸರಿ. ‘ಟು ಎ ಫಾಲ್ಟ್’ ಅನ್ನುವ ಬಾಲಕ್ಕೆ, ಆ ಒಳ್ಳೆ ಗುಣವೇ ಅತಿಯಾಗಿ ದೋಷದ ಅಂಚಿಗೆ ಬಂದಿದೆ ಅಂತ ಅರ್ಥ. ಆನೆಸ್ಟ್, ಮಾಡೆಸ್ಟ್, ಲಾಯಲ್, ಯಾವ ಗುಣಕ್ಕೂ ಇಂಗ್ಲಿಷಿನವರು ಆ ಬಾಲ ಸೇರಿಸುತ್ತಾರೆ. ಅಕ್ಕರೆಯಿಂದಲೇ ಹಾಳುಮಾಡುವುದಕ್ಕೆ ‘ಕಿಲ್ ವಿತ್ ಕೈಂಡ್‌ನೆಸ್’ ಅನ್ನುವುದು ಷೇಕ್ಸ್‌ಪಿಯರ್ ಕಾಲಕ್ಕೇ ಇತ್ತು. ಅಂಥವರನ್ನು ಅವರೂ ಕಂಡಿರಬೇಕು.

ಅಜ್ಜ ಬೇರೆಯವರ ಸಾಲಕ್ಕೆ ಜಾಮೀನು ಹಾಕಿದ ವಿಷಯ ನಿನಗೆ ಗೊತ್ತೇ ಇದೆ, ಪೂರ್ತಿ ಹೇಳಲ್ಲ. ನೋಟಿಸು ಬಂದ ದಿನ ಮಾತ್ರ ಹೇಳುತ್ತೇನೆ. ಅಜ್ಜ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಕಾಗದ ಓದಿ, ಮಡಚಿ ಜೇಬಿಗಿಟ್ಟು ಮತ್ತೆ ಸುಲಿಯತೊಡಗಿದರು. ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ ಬೀಳಬೇಕು. ಅವತ್ತು ಎರಡೂ ಒಂದೇ ಬುಟ್ಟಿಗೆ ಬೀಳುತ್ತಿದ್ದವು. ಅಜ್ಜಿ ಬಂದು ನೋಡಿದರು, ಏನೂ ಕೇಳಲಿಲ್ಲ. ಕೂತು ಒಂದೊಂದೇ ಅಡಿಕೆ ಆರಿಸಿ ತೆಗೆದರು. ಅಜ್ಜ ಸುಲಿಯುತ್ತಲೇ ಇದ್ದರು, ಅಜ್ಜಿ ಆರಿಸುತ್ತಲೇ ಇದ್ದರು. ಆಮೇಲೆ ಕೆಳಗಿನ ತೋಟ ಹೋಯಿತು, ಅಜ್ಜಿಯ ಅವಲಕ್ಕಿ ಸರ ಹೋಯಿತು. ಅದನ್ನೆಲ್ಲ ಮರೆತೇನು, ಆ ಬುಟ್ಟಿ ಮರೆಯಲು ಆಗಿಲ್ಲ. ಊರಿನವರು ಅಜ್ಜನನ್ನು ದೇವರಂಥ ಮನುಷ್ಯ ಅನ್ನುತ್ತಿದ್ದರು. ನಿಜವೇ. ಆ ದೇವರಂಥ ಮನುಷ್ಯನ ಮಕ್ಕಳು ಕಾಲೇಜು ಫೀಸಿಗೆ ಪರದಾಡಿದೆವು.

ಸುಮ್ನೆ ಒಂದು ಸಹಿ ತಾನೇ ಅಂದೆ ನೀನು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಓದು. ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಸಾಲ ತಗೊಂಡವರ ಹೊಣೆ ಎಷ್ಟೋ ಜಾಮೀನು ಹಾಕಿದವರದ್ದೂ ಅಷ್ಟೇ. ಬ್ಯಾಂಕಿನವರು ಮೊದಲು ನಿನ್ನ ಗೆಳತಿಯನ್ನೇ ಹಿಡಿಯಬೇಕು ಅಂತಿಲ್ಲ, ನೇರ ನಿನ್ನ ಬಾಗಿಲಿಗೇ ಬರಬಹುದು. ಅವಳು ಕಂತು ಕಟ್ಟದಿದ್ದರೆ ನಿನ್ನ ಸಿಬಿಲ್ ಸ್ಕೋರಿಗೂ, ಅಂದರೆ ಸಾಲ ಕೊಡಲು ನಿನ್ನನ್ನು ಎಷ್ಟು ನಂಬಬಹುದು ಅನ್ನುವ ಅಂಕಕ್ಕೂ ಪೆಟ್ಟು. ನಾಳೆ ನೀನೇ ಮನೆ ಸಾಲ ಕೇಳಲು ಹೋದರೆ ಇದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಇದನ್ನೆಲ್ಲ ಓದದೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಸಂಕೋಚಕ್ಕಂತೂ ಹಾಕಲೇಬಾರದು.

ಅವಳು ಮೋಸ ಮಾಡ್ತಾಳೆ ಅಂತ ನಾನು ಹೇಳುತ್ತಿಲ್ಲ. ತನ್ನ ಅಮ್ಮನ ಆಪರೇಷನ್ನಿಗೆ ಕೇಳುತ್ತಿದ್ದಾಳೆ, ಪಾಪ. ನಾಳೆ ಅವಳ ಕೆಲಸ ಹೋದರೆ ಅವಳಾದರೂ ಏನು ಮಾಡ್ತಾಳೆ? ಕೊಡು, ಬೇಡ ಅನ್ನಲ್ಲ. ನಿನ್ನ ಬಾಡಿಗೆ, ಊಟಕ್ಕೆ ಇಟ್ಟುಕೊಂಡು, ವಾಪಸ್ ಬಾರದಿದ್ದರೂ ತಡೆಯುವಷ್ಟು ಕೊಡು. ಈ ಸಲ ಅಡಿಕೆ ಮಾರಿದ ದುಡ್ಡಿನಲ್ಲಿ ನಾನೂ 50 ಸಾವಿರ ಕಳಿಸುತ್ತೇನೆ. ಅದನ್ನು ಸಾಲ ಅಂತ ಅವಳಿಗೆ ಹೇಳಬೇಡ.

ಸೋಮವಾರ ಬ್ಯಾಂಕಿಗೆ ಹೋಗ್ತೀನಿ ಅಂದಿದ್ದೆ. ಭಾನುವಾರ ರಾತ್ರಿಯೊಳಗೆ ಫೋನ್ ಮಾಡು. ಅಮ್ಮನ ಹತ್ತಿರ ಅಲ್ಲ, ನನ್ನ ಹತ್ತಿರ ಮಾತಾಡು.

ನಿನ್ನ ಅಪ್ಪ