ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ

ಸಂಪಾದಕರಿಗೆ ನಮಸ್ಕಾರ.

ಸ್ವಂತ ಸರ್ವರ್‌ನಲ್ಲಿ (ಸದಾ ಇಂಟರ್ನೆಟ್‌ಗೆ ಸೇರಿಕೊಂಡಿರುವ ಕಂಪ್ಯೂಟರ್‌ನಲ್ಲಿ) ವೆಬ್ ಆ್ಯಪ್ ಹಾಕಿ ನಡೆಸಲು ನೆರವಾಗುವ ಪ್ಲಾಟ್‌ಫಾರ್ಮ್‌ಗಳ ಬಗ್ಗೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ಕನ್ನಡದಲ್ಲಿ ಈ ವಿಷಯ ಬರುವುದೇ ಅಪರೂಪ, ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಜೊತೆಗೆ ಹಾಕಿದ್ದ ಪಟ್ಟಿ ನೋಡಿ ಬೇಜಾರಾಯಿತು. ಯುನೊಹೋಸ್ಟ್‌ನಲ್ಲಿ ಇಷ್ಟು ಆ್ಯಪ್, ಕೂಲಿಫೈನಲ್ಲಿ ಇಷ್ಟು, ಕ್ಲೌಡ್ರಾನ್‌ನಲ್ಲಿ ಇಷ್ಟು ಅಂತ ಎಣಿಸಿ, ಡ್ಯಾಶ್‌ಬೋರ್ಡ್ ಎಷ್ಟು ಚಂದ ಇದೆ ಅಂತ ಸ್ಟಾರ್ ಕೊಟ್ಟು ಮುಗಿಸಿಬಿಟ್ಟಿದ್ದೀರಿ. ಆ ಆ್ಯಪ್‌ಗಳನ್ನು ಪ್ಯಾಕೇಜ್ ಮಾಡುವವರು, ಅಂದರೆ ಆ ಪ್ಲಾಟ್‌ಫಾರ್ಮ್‌ನಲ್ಲಿ ಸುಲಭವಾಗಿ ಇನ್‌ಸ್ಟಾಲ್ ಆಗುವ ಹಾಗೆ ಸಜ್ಜು ಮಾಡುವವರು ಯಾರು, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ, ನಾಳೆ ಅವರು ಕೈಬಿಟ್ಟರೆ ನಮ್ಮ ಗತಿ ಏನು? ಇದಕ್ಕೆ ಒಂದು ಕಾಲಂ ಕೂಡ ಇಲ್ಲ. ನನಗೆ ಗೊತ್ತಿರುವ ಮಟ್ಟಿಗೆ ಈ ಪ್ಲಾಟ್‌ಫಾರ್ಮ್‌ಗಳ ನಡುವೆ ಇರುವ ನಿಜವಾದ ವ್ಯತ್ಯಾಸ ಅಲ್ಲೇ ಇದೆ.

ನಮ್ಮ ಊರಿನ ಹವ್ಯಾಸಿ ನಾಟಕ ತಂಡದ ಫೋಟೊ, ಸ್ಕ್ರಿಪ್ಟ್, ರಿಹರ್ಸಲ್ ಕ್ಯಾಲೆಂಡರ್ ಎಲ್ಲ ನಾನು ನೋಡಿಕೊಳ್ಳುವ ಒಂದು ಸಣ್ಣ ಸರ್ವರ್‌ನಲ್ಲಿದೆ. ನಾನೇನೂ ಎಕ್ಸ್‌ಪರ್ಟ್ ಅಲ್ಲ. ಆದರೆ ಇಂಥ ಸಣ್ಣ ಸರ್ವರ್ ಇಟ್ಟುಕೊಂಡವರಿಗೆ ಮುಖ್ಯವಾದ ಪ್ರಶ್ನೆ ಇದೇ, ಆ್ಯಪ್‌ಗಳ ಸಂಖ್ಯೆ ಅಲ್ಲ.

ಹೊಸ ಓದುಗರಿಗೆ ಒಂದು ಮಾತು. ಹಿಂದೆ ಕಾಲೇಜು ಹುಡುಗರು ಪ್ರಾಜೆಕ್ಟ್ ಮಾಡಿದರೆ ಆ್ಯಪ್‌ಗಳನ್ನು ತನ್ನ ಸರ್ವರ್‌ನಲ್ಲಿ ನಡೆಸಿಕೊಡುವ ಹೆರೋಕು ಎಂಬ ಸೇವೆಯಲ್ಲಿ ಬಿಟ್ಟಿಯಾಗಿ ಹಾಕುತ್ತಿದ್ದರು. ರೆಸ್ಯೂಮೆಯಲ್ಲಿ ಅದರ ಲಿಂಕ್ ಇರುತ್ತಿತ್ತು. 2022ರ ನವೆಂಬರ್ 28ಕ್ಕೆ ಹೆರೋಕು ಉಚಿತ ಸೇವೆ ನಿಲ್ಲಿಸಿತು, ಲಿಂಕ್‌ಗಳೂ ಸತ್ತವು. ತಿಂಗಳಿಗೆ ಕೆಲವು ನೂರು ರೂಪಾಯಿಗೆ ಒಂದು ವರ್ಚುವಲ್ ಸರ್ವರ್ (ಕಂಪನಿಯ ದೊಡ್ಡ ಕಂಪ್ಯೂಟರಿನ ಒಂದು ಪಾಲು) ಬಾಡಿಗೆಗೆ ತಗೊಂಡು, ಅದರ ಮೇಲೆ ಡೊಕ್ಕು, ಕ್ಯಾಪ್‌ರೋವರ್, ಕೂಲಿಫೈ ಥರದ್ದನ್ನು ಹಾಕಿಕೊಂಡು, ಹೆರೋಕು ಮಾಡುತ್ತಿದ್ದ ಕೆಲಸವನ್ನು ತಾವೇ ಮಾಡಿಕೊಳ್ಳೋಣ ಅಂತ ತುಂಬಾ ಜನ ಹೊರಟಿದ್ದು ಆಮೇಲೆ. ಇದು ಒಂದು ಗುಂಪು. ಇನ್ನೊಂದು ಗುಂಪಿನವರು ಕೋಡ್ ಬರೆಯುವವರಲ್ಲ. ಅವರಿಗೆ ಫೋಟೊ ಇಡಲು, ಮೇಲ್ ನಡೆಸಲು, ಕಡತ ಹಂಚಿಕೊಳ್ಳಲು ರೆಡಿ ಆ್ಯಪ್ ಬೇಕು. ಅವರಿಗಾಗಿ ಇರುವುದು ಯುನೊಹೋಸ್ಟ್, ಫ್ರೀಡಂಬಾಕ್ಸ್, ಕ್ಲೌಡ್ರಾನ್. ನಿಮ್ಮ ಲೇಖನದಲ್ಲಿ ಎರಡೂ ಗುಂಪನ್ನು ಒಂದೇ ಪಟ್ಟಿಯಲ್ಲಿ ಕಲಸಿದ್ದಾರೆ. ಹೋಗಲಿ ಬಿಡಿ, ಈಗ ಅವೆರಡರ ನಡುವಿನ ಗೆರೆಯೂ ಮೊದಲಿನಷ್ಟು ಸ್ಪಷ್ಟವಾಗಿಲ್ಲ.

ನಾನು ಹೇಳಬೇಕಾಗಿರುವುದಕ್ಕೆ ಒಳ್ಳೆಯ ಉದಾಹರಣೆ ಸ್ಯಾಂಡ್‌ಸ್ಟಾರ್ಮ್ ಎಂಬ ಪ್ಲಾಟ್‌ಫಾರ್ಮ್. ನಿಮ್ಮ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ಈಗ ಅದರ ಹೆಸರು ಕೇಳುವುದೂ ಕಡಿಮೆ, ನಿಜ. ಕೆಂಟನ್ ವಾರ್ಡಾ ಎಂಬ ಇಂಜಿನಿಯರ್ ಶುರು ಮಾಡಿದ್ದು, 2014ರಲ್ಲಿ ಇಂಡಿಗೋಗೋ ಎಂಬ ಜಾಲತಾಣದಲ್ಲಿ ಜನರಿಂದ ದುಡ್ಡು ಎತ್ತಿದರು. ಭದ್ರತೆಯ ವಿಷಯದಲ್ಲಿ ಇಷ್ಟು ಚೆನ್ನಾಗಿ ಯೋಚಿಸಿದ ಇನ್ನೊಂದು ಪ್ಲಾಟ್‌ಫಾರ್ಮ್ ನಾನಂತೂ ನೋಡಿಲ್ಲ. ಅದರಲ್ಲಿ ನೀವು ಒಂದು ಡಾಕ್ಯುಮೆಂಟ್ ತೆರೆದರೆ ಆ ಒಂದು ಡಾಕ್ಯುಮೆಂಟಿಗೇ ಒಂದು ಪ್ರತ್ಯೇಕ ಪೆಟ್ಟಿಗೆ. ಅದನ್ನು ಅವರು ಗ್ರೇನ್ ಅಂತ ಕರೆಯುತ್ತಾರೆ. ಪಕ್ಕದ ಡಾಕ್ಯುಮೆಂಟ್ ಅದೇ ಆ್ಯಪ್‌ನದ್ದಾದರೂ ಈ ಪೆಟ್ಟಿಗೆಯಿಂದ ಅದನ್ನು ಮುಟ್ಟಲಾಗುವುದಿಲ್ಲ. ಯಾರೂ ಬಳಸದಿದ್ದಾಗ ಗ್ರೇನ್ ಮಲಗುತ್ತದೆ, ತೆರೆದರೆ ಎದ್ದೇಳುತ್ತದೆ. ಆ್ಯಪ್‌ನಲ್ಲೇ ಏನೋ ತೂತು ಇದ್ದರೂ ನೀವು ಹಂಚಿಕೊಂಡ ಆ ಒಂದು ಕಡತದಾಚೆಗೆ ಕಳ್ಳ ಸುಲಭವಾಗಿ ಹೋಗಲಾರ.

ಇಷ್ಟೆಲ್ಲ ಇದ್ದೂ ಏನಾಯಿತು? ವ್ಯಾಪಾರ ಕೈಹಿಡಿಯಲಿಲ್ಲ. 2017ರಲ್ಲಿ ತಂಡದ ಹೆಚ್ಚಿನವರು ಕ್ಲೌಡ್‌ಫ್ಲೇರ್ ಎಂಬ ಇಂಟರ್ನೆಟ್ ಕಂಪನಿ ಸೇರಿದರು. ಬೇರೆಯವರಿಗಾಗಿ ಸ್ಯಾಂಡ್‌ಸ್ಟಾರ್ಮ್ ನಡೆಸಿಕೊಡಲು ಅವರೇ ಇಟ್ಟಿದ್ದ ಓಯಸಿಸ್ ಎಂಬ ಸೇವೆ 2019ರ ಕೊನೆಗೆ ಮುಚ್ಚಿತು. ಕೋಡ್ ಮಾತ್ರ ಅಪಾಚೆ ಲೈಸೆನ್ಸ್‌ನಲ್ಲಿ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚುವಂತೆ ಮುಕ್ತವಾಗಿತ್ತು, ಹಾಗಾಗಿ ಬೆರಳೆಣಿಕೆಯ ಸ್ವಯಂಸೇವಕರು ಅದನ್ನು ಮುಂದೆ ತೆಗೆದುಕೊಂಡು ಹೋದರು. ಆದರೆ ಜನ ಸೇರಲಿಲ್ಲ. ಯಾಕೆ ಅಂದರೆ, ಸ್ಯಾಂಡ್‌ಸ್ಟಾರ್ಮ್‌ಗೆ ಒಂದು ಆ್ಯಪ್ ತರಬೇಕಿದ್ದರೆ ಅದನ್ನು ಇದ್ದ ಹಾಗೆ ತಂದು ಹಾಕುವಂತಿಲ್ಲ. ಆ ಆ್ಯಪ್‌ನ ಲಾಗಿನ್ ಕಿತ್ತು ಸ್ಯಾಂಡ್‌ಸ್ಟಾರ್ಮ್‌ನ ಲಾಗಿನ್‌ಗೆ ಜೋಡಿಸಬೇಕು, ಹೊರಗಿನ ನೆಟ್‌ವರ್ಕ್ ಬೇಕಾದರೆ ಅನುಮತಿ ಕೇಳುವ ಹಾಗೆ ತಿದ್ದಬೇಕು, ಎಲ್ಲವನ್ನೂ ಒಂದೊಂದು ಗ್ರೇನ್‌ಗೆ ಒಡೆಯಬೇಕು. ಮೂಲ ಆ್ಯಪ್ ಮಾಡಿದವರು ಇದನ್ನು ಮಾಡಲು ಒಪ್ಪಿದರೆ ಸರಿ. ಒಪ್ಪದಿದ್ದರೆ ಯಾರೋ ಒಬ್ಬ ಸ್ವಯಂಸೇವಕ ಪ್ರತಿ ಹೊಸ ಆವೃತ್ತಿಗೂ ಮತ್ತೆ ಅದೇ ಕೆಲಸ ಮಾಡುತ್ತಾ ಕೂರಬೇಕು. ಒಂದೆರಡು ವರ್ಷ ಮಾಡಿಯಾನು, ಆಮೇಲೆ? ಅವನಿಗೂ ಮನೆ, ಮಕ್ಕಳು, ಕೆಲಸ ಇರುತ್ತದೆ. ಸ್ಯಾಂಡ್‌ಸ್ಟಾರ್ಮ್‌ನ ಆ್ಯಪ್ ಅಂಗಡಿಯಲ್ಲಿ ಆ್ಯಪ್‌ಗಳು ಹಳೆಯದಾಗುತ್ತಾ ಹೋದವು. ಎಣಿಸಿದರೆ ಸಂಖ್ಯೆ ಅಷ್ಟೇ ಇರುತ್ತದೆ, ಒಳಗೆ ನೋಡಿದರೆ ವರ್ಷಗಟ್ಟಲೆ ಹಿಂದಿನ ಆವೃತ್ತಿ. ನಿಮ್ಮ ಪಟ್ಟಿಯ ತೊಂದರೆ ಇದೇ ಅಲ್ವಾ?

ಯುನೊಹೋಸ್ಟ್ ಇದಕ್ಕೆ ಹೆಚ್ಚುಕಡಿಮೆ ಉಲ್ಟಾ. 2012ರಿಂದ ಇದೆ, ಹುಟ್ಟಿದ್ದು ಫ್ರಾನ್ಸ್‌ನಲ್ಲಿ, ಹಿಂದೆ ಯಾವ ಕಂಪನಿಯೂ ಇಲ್ಲ. ದೇಣಿಗೆ ಬರುತ್ತದೆ, ನೆದರ್ಲೆಂಡ್ಸ್‌ನ ಎನ್‌ಎಲ್‌ನೆಟ್ ಫೌಂಡೇಶನ್ ಆಗಾಗ ಅನುದಾನ ಕೊಟ್ಟಿದೆ, ಉಳಿದಿದ್ದೆಲ್ಲ ಸ್ವಯಂಸೇವೆ. ಭದ್ರತೆಯ ವಿನ್ಯಾಸದಲ್ಲಿ ಸ್ಯಾಂಡ್‌ಸ್ಟಾರ್ಮ್ ಹತ್ತಿರವೂ ಬರುವುದಿಲ್ಲ. ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಮೇಲೆ ಆ್ಯಪ್ ಕೂರಿಸಲು ಒಂದಿಷ್ಟು ಬ್ಯಾಷ್ ಸ್ಕ್ರಿಪ್ಟ್‌ಗಳು (ಕಂಪ್ಯೂಟರಿಗೆ ಸಾಲುಸಾಲಾಗಿ ಕೊಡುವ ಆದೇಶಗಳ ಕಡತಗಳು), ನೋಡಿದರೆ ಕೆಲವು ಪ್ರೋಗ್ರಾಮರ್‌ಗಳು ಮೂಗು ಮುರಿಯುತ್ತಾರೆ. ಆದರೆ ಬ್ಯಾಷ್ ಸ್ಕ್ರಿಪ್ಟ್ ಓದಲು ಯಾರಿಗೆ ಬೇಕಾದರೂ ಬರುತ್ತದೆ, ಅದೇ ಅದರ ಬಲ. ಆ್ಯಪ್‌ಗಳ ಪ್ಯಾಕೇಜ್‌ಗಳೆಲ್ಲ ಒಂದೇ ಕಡೆ, ಸಮುದಾಯದ ಹೆಸರಿನಲ್ಲಿ ಇರುತ್ತವೆ. ಒಬ್ಬರು ಬಿಟ್ಟು ಹೋದರೆ ಇನ್ನೊಬ್ಬರು ಅಲ್ಲೇ ಮುಂದುವರಿಸಬಹುದು. ಪ್ರತಿ ಆ್ಯಪ್‌ಗೂ ಒಂದು ಗುಣಮಟ್ಟದ ದರ್ಜೆ ಇದೆ. ಮನುಷ್ಯರು ಕೊಡುವ ಸ್ಟಾರ್ ಅಲ್ಲ ಅದು. ಯಂತ್ರವೇ ಆ್ಯಪ್ ಇನ್‌ಸ್ಟಾಲ್ ಮಾಡಿ, ಅಪ್‌ಗ್ರೇಡ್ ಮಾಡಿ, ಬ್ಯಾಕಪ್ ತೆಗೆದು, ಅಳಿಸಿ, ಬ್ಯಾಕಪ್‌ನಿಂದ ಮತ್ತೆ ತಂದು ನೋಡುತ್ತದೆ. ಎಲ್ಲಿ ಎಡವಿತೋ ಅದರ ಮೇಲೆ ದರ್ಜೆ. ಮನೆಯಲ್ಲಿ ಅಪ್‌ಗ್ರೇಡ್ ಬಟನ್ ಒತ್ತಿದಾಗಲೂ ಮೊದಲು ಆ ಆ್ಯಪ್‌ನ ಬ್ಯಾಕಪ್ ತೆಗೆಯುತ್ತದೆ, ನಡುವೆ ಏನಾದರೂ ಕೆಟ್ಟರೆ ಹಳೆಯದನ್ನೇ ವಾಪಸ್ ತರುತ್ತದೆ. ಪರದೆಯ ಮೇಲೆ ಕೆಂಪು ಅಕ್ಷರ ಉದ್ದಕ್ಕೆ ಬಂದು ಎದೆ ಧಸಕ್ ಅನ್ನಿಸಿದರೂ, ಕೊನೆಯ ಸಾಲಲ್ಲಿ ಹಿಂದಿನ ಸ್ಥಿತಿಗೆ ಮರಳಿಸಲಾಗಿದೆ ಅಂತ ಇರುತ್ತದೆ.

ಕೊರತೆಯೂ ಇದೆ. ಡೆಬಿಯನ್ 12 ಬಂದಿದ್ದು 2023ರ ಜೂನ್‌ನಲ್ಲಿ, ಯುನೊಹೋಸ್ಟ್ ಅದಕ್ಕೆ ಹೊಂದಿಕೊಳ್ಳಲು ಒಂದು ವರ್ಷಕ್ಕಿಂತ ಜಾಸ್ತಿ ತಗೊಂಡಿತು. ಸ್ವಯಂಸೇವಕರು ಅಂದಮೇಲೆ ಅವಸರ ಮಾಡುವ ಹಾಗಿಲ್ಲ.

ಫ್ರೀಡಂಬಾಕ್ಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಎಬೆನ್ ಮೊಗ್ಲೆನ್ 2010ರ ಒಂದು ಭಾಷಣದಲ್ಲಿ ಹೇಳಿದ ಕಲ್ಪನೆ ಅದು. ಪಕ್ಕದ ತೆಲುಗು ನಾಡಿನ ಕೆಲವು ಹಳ್ಳಿಗಳಲ್ಲಿ ಅಲ್ಲಿನ ಮುಕ್ತ ತಂತ್ರಾಂಶ ಕಾರ್ಯಕರ್ತರು ಅದನ್ನು ಬಳಸಿದ್ದಾರೆ, ಮುಖ್ಯ ಡೆವಲಪರ್‌ಗಳಲ್ಲಿ ಭಾರತೀಯರೂ ಇದ್ದಾರೆ. ಅದರ ನಿಯಮ ಕಟ್ಟುನಿಟ್ಟು. ಡೆಬಿಯನ್ ಭಂಡಾರದಲ್ಲಿ ಇರುವ ಆ್ಯಪ್ ಮಾತ್ರ ಅಂತ ಬಹುಕಾಲ ಹಿಡಿದು ಕೂತಿದ್ದರು. ಹಾಗಾಗಿ ಎಲ್ಲರೂ ಕೇಳುವ, ಕಡತ ಇಟ್ಟು ಹಂಚಿಕೊಳ್ಳುವ ನೆಕ್ಸ್ಟ್‌ಕ್ಲೌಡ್ ಆ್ಯಪ್ ವರ್ಷಗಟ್ಟಲೆ ಅದರಲ್ಲಿ ಇರಲಿಲ್ಲ. ನಿಮ್ಮ ಪಟ್ಟಿಯಲ್ಲಿ ಫ್ರೀಡಂಬಾಕ್ಸ್‌ಗೆ ಅತಿ ಕಡಿಮೆ ಸ್ಟಾರ್ ಸಿಕ್ಕಿದೆ. ಆದರೆ ಇರುವ ಹೆಚ್ಚಿನ ಆ್ಯಪ್‌ಗಳನ್ನು ಡೆಬಿಯನ್‌ನವರೇ ನೋಡಿಕೊಳ್ಳುತ್ತಾರೆ. ಡೆಬಿಯನ್ ಶುರುವಾಗಿದ್ದು 1993ರಲ್ಲಿ. ಆ ಭರವಸೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?

ಇನ್ನು ಡಾಕರ್ (ಆ್ಯಪ್ ಮತ್ತು ಅದಕ್ಕೆ ಬೇಕಾದದ್ದನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ನಡೆಸುವ ಸಾಧನ) ಆಧಾರದ ಗುಂಪು. ಇಲ್ಲಿ ಪ್ಯಾಕೇಜ್ ಮಾಡುವ ಕಷ್ಟ ತುಂಬಾ ಕಡಿಮೆ, ಯಾಕೆಂದರೆ ಮೂಲ ಆ್ಯಪ್‌ನವರೇ ಡಾಕರ್ ಇಮೇಜ್ ಎಂಬ ರೆಡಿ ಪೆಟ್ಟಿಗೆ ಕೊಡುತ್ತಾರೆ, ಪ್ಲಾಟ್‌ಫಾರ್ಮ್‌ನವರು ಅದನ್ನು ಹೇಗೆ ನಡೆಸಬೇಕು ಅಂತ ಹೇಳುವ ಒಂದು ಪುಟದ ಕಂಪೋಸ್ ಫೈಲ್ ಬರೆದರೆ ಸಾಕು. ಕೂಲಿಫೈ ಅಷ್ಟು ಬೇಗ ಅಷ್ಟೊಂದು ಆ್ಯಪ್ ಸೇರಿಸಿದ್ದು ಹೀಗೆ. ಅದರ ಹಿಂದಿರುವುದು ಮುಖ್ಯವಾಗಿ ಹಂಗೇರಿಯ ಆಂಡ್ರಾಸ್ ಬಚಾಯ್. ಲೈಸೆನ್ಸ್ ಅಪಾಚೆ, ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡರೆ ಯಾವ ಸೌಲಭ್ಯವನ್ನೂ ದುಡ್ಡಿನ ಹಿಂದೆ ಅಡಗಿಸಿಲ್ಲ, ಆದಾಯ ಬರುವುದು ಪ್ರಾಯೋಜಕರಿಂದ ಮತ್ತು ಅವರೇ ನಡೆಸುವ ಕ್ಲೌಡ್ ಸೇವೆಯಿಂದ. ಒಬ್ಬನ ಹೆಗಲ ಮೇಲೆ ಇಷ್ಟು ಭಾರ ಅಂತ ಭಯವಾಗುವುದು ಸಹಜ. ಆದರೆ ಡೊಕ್ಕು ನೋಡಿ. 2013ರಲ್ಲಿ ಜೆಫ್ ಲಿಂಡ್ಸೆ ಬರೆದಾಗ ಅದು ಸುಮಾರು 100 ಸಾಲಿನ ಬ್ಯಾಷ್. ಅವರು ಆಮೇಲೆ ಬೇರೆ ಕೆಲಸಕ್ಕೆ ಹೋದರು, ಹೊಸೆ ಡಯಾಸ್ ಗೊನ್ಸಾಲೆಸ್ ವಹಿಸಿಕೊಂಡರು, ವರ್ಷಗಳಿಂದ ಸದ್ದಿಲ್ಲದೆ ನಡೆಸುತ್ತಿದ್ದಾರೆ. ಕೈ ಬದಲಾಗಿಯೂ ಉಳಿದ ಯೋಜನೆ ಅಂದರೆ ನನಗೆ ಒಂದು ಕೈ ಜಾಸ್ತಿ ನಂಬಿಕೆ. ಬಿಟ್ಟಿಯಾಗಿ ಸಿಗುವ ಡೊಕ್ಕುವಿನಲ್ಲಿ ಚಂದದ ಡ್ಯಾಶ್‌ಬೋರ್ಡ್ ಇಲ್ಲ, ಆದೇಶ ಟೈಪ್ ಮಾಡುವ ಕಮಾಂಡ್ ಲೈನ್ ಅಷ್ಟೇ, ಅದಕ್ಕೇ ನಿಮ್ಮಲ್ಲಿ ಅದಕ್ಕೂ ಸ್ಟಾರ್ ಇಲ್ಲ.

ಪ್ಯಾಕೇಜ್ ಸುಲಭವಾಗುವುದರಲ್ಲಿ ಆ್ಯಪ್ ಬರೆದವರ ಪಾಲೂ ಇದೆ. ಇದಕ್ಕೆ ನಮ್ಮ ಬೆಂಗಳೂರಿನಲ್ಲೇ ಉದಾಹರಣೆ ಇದೆ. ಷೇರು ವ್ಯವಹಾರದ ಕಂಪನಿ ಜೆರೋಧಾದ ಕೈಲಾಶ್ ನಾಧ್ ಬರೆದ ಲಿಸ್ಟ್‌ಮಾಂಕ್, ಮೇಲಿಂಗ್ ಲಿಸ್ಟ್ ಮತ್ತು ನ್ಯೂಸ್‌ಲೆಟರ್ ನಡೆಸುವ ಆ್ಯಪ್. ಗೋ ಭಾಷೆಯಲ್ಲಿ ಬರೆದ ನೇರವಾಗಿ ಓಡುವ ಒಂದೇ ಒಂದು ಬೈನರಿ ಫೈಲ್, ಪಕ್ಕದಲ್ಲಿ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಗೀತು. ಹಾಗಾಗಿ ನಾನು ಮೇಲೆ ಹೇಳಿದ ಎರಡೂ ಗುಂಪಿನ ಕೆಲವು ಪ್ಲಾಟ್‌ಫಾರ್ಮ್‌ಗಳಲ್ಲಿ ಅದು ಸಿಗುತ್ತದೆ. ಹತ್ತು ಸರ್ವಿಸ್ ಒಟ್ಟಿಗೆ ನಡೆದರೆ ಮಾತ್ರ ಓಡುವ ಆ್ಯಪ್‌ಗೆ ಈ ಭಾಗ್ಯ ಇಲ್ಲ. ಅದೇ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಅಂತ ಘೋಷಿಸಿತು, ವರ್ಷಕ್ಕೆ 10 ಲಕ್ಷ ಡಾಲರ್, ಜಗತ್ತಿನ ಯಾವ ಮುಕ್ತ ತಂತ್ರಾಂಶಕ್ಕಾದರೂ ಕೊಡಲು. ನಿಮ್ಮ ಲೇಖನದಲ್ಲಿ ಸಿಲಿಕಾನ್ ವ್ಯಾಲಿ ಮಾತ್ರ ಇತ್ತು, ಅದಕ್ಕೆ ಇದನ್ನು ಹೇಳಿದೆ.

ಲೇಖನದಲ್ಲಿ ಬಿಟ್ಟುಹೋದ ಇನ್ನೊಂದು ವಿಷಯ, ಮನೆಯಲ್ಲೇ ಸರ್ವರ್ ಇಡುವವರದ್ದು. ಹಳೆ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಮಾಡಿ, ಅಷ್ಟೇ ಅಂತ ಬರೆದಿದ್ದೀರಿ. ಅಷ್ಟೇ ಅಲ್ಲ! ಯಾರಾದರೂ ಹಾಗೆ ಮಾಡುವ ಮೊದಲು ಮನೆಯ ರೌಟರ್‌ನ ಪುಟ ತೆರೆದು ವ್ಯಾನ್ ಐಪಿ (WAN IP, ಹೊರಗಿನ ಇಂಟರ್ನೆಟ್ ವಿಳಾಸ) ಅಂತ ಇರುವ ಜಾಗ ನೋಡಬೇಕು. ಅಲ್ಲಿ 100.64ರಿಂದ 100.127ರ ಒಳಗೆ ಶುರುವಾಗುವ ಸಂಖ್ಯೆ ಇದ್ದರೆ ನಿಮಗೆ ಸ್ವಂತ ಸಾರ್ವಜನಿಕ ವಿಳಾಸ ಇಲ್ಲ, ಎಷ್ಟೋ ಮನೆಗಳನ್ನು ಕಂಪನಿಯವರು ಒಂದೇ ವಿಳಾಸದ ಹಿಂದೆ ಕೂರಿಸಿದ್ದಾರೆ ಅಂತ ಅರ್ಥ. ರೌಟರ್‌ನಲ್ಲಿ ಪೋರ್ಟ್ (ಒಳಬರುವ ಬಾಗಿಲು) ಎಷ್ಟು ತೆರೆದರೂ ಹೊರಗಿನವರಿಗೆ ನಿಮ್ಮ ಸರ್ವರ್ ಕಾಣುವುದಿಲ್ಲ. ನಮ್ಮಲ್ಲಿ ಇದು ತುಂಬಾ ಮಾಮೂಲು. ಸ್ಟ್ಯಾಟಿಕ್ ಐಪಿಗೆ (ಬದಲಾಗದ ಸ್ವಂತ ವಿಳಾಸಕ್ಕೆ) ದುಡ್ಡು ಕೊಡಬೇಕು, ಇಲ್ಲವೇ ಯಾವುದಾದರೂ ಟನೆಲ್ (ಸಾರ್ವಜನಿಕ ವಿಳಾಸ ಇರುವ ಇನ್ನೊಂದು ಸರ್ವರ್ ಮೂಲಕ ಹಾಯುವ ದಾರಿ) ಹಿಡಿಯಬೇಕು. ಫ್ರಾನ್ಸ್‌ನಲ್ಲಿ ಸದಸ್ಯರೇ ಸೇರಿ ನಡೆಸುವ, ಲಾಭಕ್ಕಲ್ಲದ ಇಂಟರ್ನೆಟ್ ಸಂಘಗಳಿವೆ. ಯುನೊಹೋಸ್ಟ್ ಹಾಕಿದ ಪುಟ್ಟ ಪೆಟ್ಟಿಗೆಯನ್ನು ಆ ಸಂಘಗಳ ವಿಪಿಎನ್ (ಇದೂ ಒಂದು ಥರದ ಟನೆಲ್) ಜೊತೆ ಕೊಟ್ಟು, ಸಾರ್ವಜನಿಕ ವಿಳಾಸ ಸಿಗುವ ಹಾಗೆ ಮಾಡಿದರು. ಇಂಟರ್ನೆಟ್ ಇಟ್ಟಿಗೆ ಅಂತ ಅದರ ಹೆಸರು. ನಾವು ಅದೇ ತಂತ್ರಾಂಶ ಹಾಕಿಕೊಂಡರೂ ಆ ಸಂಘ ಇಲ್ಲಿಲ್ಲ. ಸಮುದಾಯ ಅಂದರೆ ಕೋಡ್ ಬರೆಯುವವರು ಮಾತ್ರ ಅಂದುಕೊಂಡರೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಕ್ಲೌಡ್ರಾನ್ ಬಗ್ಗೆ ಕೊನೆಗೆ. ನೀವು ಅದಕ್ಕೆ ಮೊದಲ ಸ್ಥಾನ ಕೊಟ್ಟಿದ್ದೀರಿ. ಕೊಡಿ, ನನ್ನ ತಕರಾರಿಲ್ಲ. ಅಪ್‌ಡೇಟ್‌ಗಳು ನಿಯಮಿತವಾಗಿ ಬರುತ್ತವೆ, ಮೇಲ್ ವ್ಯವಸ್ಥೆ ಚೆನ್ನಾಗಿದೆ, ಪ್ಯಾಕೇಜ್ ಮಾಡುವವರಿಗೆ ಸಂಬಳ ಸಿಗುತ್ತದೆ, ಅದಕ್ಕೇ ಎರಡು ಆ್ಯಪ್‌ಗಿಂತ ಜಾಸ್ತಿ ಬೇಕಾದರೆ ಅವರು ದುಡ್ಡು ಕೇಳುತ್ತಾರೆ. ನ್ಯಾಯವೇ. ದಿನವಿಡೀ ಸರ್ವರ್ ಹಿಂದೆ ಬೀಳಲು ಆಗದ ಸಣ್ಣ ಆಫೀಸಿಗೆ ನಾನೇ ಅದನ್ನು ಹೇಳಿಯೇನು. ಆದರೆ ಅದರ ಕೋಡ್ ಓದಲು ಸಿಗುತ್ತದೆಯೇ ಹೊರತು ಅದು ಮುಕ್ತ ತಂತ್ರಾಂಶ ಅಲ್ಲ. ಕಂಪನಿ ಬಾಗಿಲು ಹಾಕಿದರೆ ಸ್ಯಾಂಡ್‌ಸ್ಟಾರ್ಮ್‌ನವರಂತೆ ನಾಲ್ಕು ಜನ ಸೇರಿ ಮುಂದುವರಿಸುವ ಹಕ್ಕು ಆ ಲೈಸೆನ್ಸ್‌ನಲ್ಲಿ ಇಲ್ಲ. ನಿಮ್ಮ ಪಟ್ಟಿಯ ಇನ್ನೊಂದು ಪ್ಲಾಟ್‌ಫಾರ್ಮ್ ಅಂಬ್ರೆಲ್‌ದೂ ಹೆಚ್ಚುಕಡಿಮೆ ಇದೇ ಕಥೆ, ಅದರ ಲೈಸೆನ್ಸ್ ವ್ಯಾಪಾರದ ಬಳಕೆಯನ್ನು ಒಪ್ಪುವುದಿಲ್ಲ.

ಮುಂದಿನ ಸಲ ಬರೆಯುವಾಗ ಲೈಸೆನ್ಸ್, ದುಡ್ಡಿನ ಮೂಲ, ಪ್ಯಾಕೇಜ್ ಮಾಡುವವರು ಎಷ್ಟು ಜನ, ಇದನ್ನು ಸೇರಿಸಿ. ಆಗುವುದಾದರೆ ಪ್ರತಿಯೊಂದರಲ್ಲೂ ಬ್ಯಾಕಪ್ ತೆಗೆದು, ಬೇರೆ ಮಶೀನ್‌ನಲ್ಲಿ ಅದರಿಂದ ಎಲ್ಲವನ್ನೂ ವಾಪಸ್ ತಂದು ನೋಡಿ, ಎಷ್ಟು ಹೊತ್ತು ಹಿಡಿಯಿತು ಅಂತ ಬರೆಯಿರಿ. ಅದಕ್ಕೆಲ್ಲ ಸಮಯ ಬೇಕು, ಗೊತ್ತು. ಆದರೆ ಪಟ್ಟಿಯಲ್ಲಿ ಕ್ಲೌಡ್ರಾನ್ ಮತ್ತು ಅಂಬ್ರೆಲ್ ಎರಡರ ಮುಂದೆಯೂ ‘ಓಪನ್ ಸೋರ್ಸ್’ (ಮುಕ್ತ ತಂತ್ರಾಂಶ) ಅಂತ ಅಚ್ಚಾಗಿದೆ. ಅದಕ್ಕೆ ಮಾತ್ರ ಈ ವಾರವೇ ಒಂದು ತಿದ್ದುಪಡಿ ಹಾಕಿ.

— ನಿಮ್ಮ ಓದುಗ, ಶಿವಮೊಗ್ಗ